ಶೇಕಡಾ ತರ್ಕಪ್ರಶ್ನೆ: ಅಂಕಿ ಹಾಕುವುದೋ, ಛೇದ ಹುಡುಕುವುದೋ?

ಎಂಬಿಎಯಂಥ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ವರ್ಬಲ್ (ಭಾಷೆಯ) ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆಗಳು. ಒಂದಕ್ಕೆ ಪೂರ್ತಿ ಎರಡು ನಿಮಿಷವೂ ದಕ್ಕುವುದಿಲ್ಲ. ಪುಟ್ಟ ವಾದವೊಂದನ್ನು ಕೊಟ್ಟು ಅದನ್ನು ಒರೆಗೆ ಹಚ್ಚಲು ಹೇಳುವ ಕ್ರಿಟಿಕಲ್ ರೀಸನಿಂಗ್ ಪ್ರಶ್ನೆಯಲ್ಲಿ ಶೇಕಡಾವಾರು ಲೆಕ್ಕ ಕಂಡರೆ ಗಣಿತದಲ್ಲಿ ಗಟ್ಟಿಗರಾದವರೇ ಹೆಚ್ಚು ಹೊತ್ತು ಕಳೆಯುತ್ತಾರೆ. ಕೈ ತಾನಾಗಿ ಪೆನ್ನಿನತ್ತ ಹೋಗುತ್ತದೆ. ತಯಾರಿಯ ದಿನಗಳಲ್ಲಿ ನಾನು ಮೂರು ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ.

ಪರೀಕ್ಷೆಯ ಧಾಟಿಯಲ್ಲೇ ಒಂದು ವಾದವನ್ನು ಕಟ್ಟಿಕೊಳ್ಳೋಣ: ‘ಈ ನಗರದಲ್ಲಿ ಬೈಕ್ ಅಪಘಾತದಲ್ಲಿ ಸತ್ತವರಲ್ಲಿ ಶೇ 60ರಷ್ಟು ಮಂದಿ ಹೆಲ್ಮೆಟ್ ಧರಿಸಿದ್ದರು. ಆದ್ದರಿಂದ ಹೆಲ್ಮೆಟ್‌ನಿಂದ ಪ್ರಯೋಜನವಿಲ್ಲ.’ ಇದನ್ನು ದುರ್ಬಲಗೊಳಿಸುವ ಆಯ್ಕೆ ಬೇಕು.

ಮೊದಲ ದಾರಿ, ಊಹೆಯ ಅಂಕಿ ಹಾಕುವುದು. ಸವಾರರು 1000, ಹೆಲ್ಮೆಟ್ ಇರುವವರು 900, ಸತ್ತವರು 10 ಎನ್ನೋಣ. ಹೆಲ್ಮೆಟ್ ಇದ್ದ 900 ಜನರಲ್ಲಿ 6 ಸಾವು, ಇಲ್ಲದ 100 ಜನರಲ್ಲಿ 4. ಹೆಲ್ಮೆಟ್ ಇಲ್ಲದವರಿಗೆ ಅಪಾಯ ಆರು ಪಟ್ಟು. ವಾದ ಕುಸಿಯಿತು, ನಿಜ. ಆದರೆ ಆ 900 ಎಲ್ಲಿಂದ ಬಂತು? ಸವಾರರ ಸಂಖ್ಯೆಯನ್ನು ತರಬೇಕೆಂದು ಹೊಳೆದವನಿಗೆ ಉತ್ತರ ಆಗಲೇ ಸಿಕ್ಕಿದೆ. ಹೊಳೆಯದವನು ಸತ್ತವರನ್ನು 100 ಎಂದುಕೊಂಡು, 60 ಮತ್ತು 40 ಎಂದು ಬರೆದು ಅಲ್ಲೇ ನಿಲ್ಲುತ್ತಾನೆ.

ಎರಡನೆಯ ದಾರಿ, ಛೇದವನ್ನು, ಅಂದರೆ ಶೇಕಡಾವನ್ನು ಯಾವ ಗುಂಪಿನ ಮೇಲೆ ಲೆಕ್ಕ ಹಾಕಿದ್ದಾರೆ ಎಂಬುದನ್ನು ಹುಡುಕುವುದು. ಶೇ 60 ಯಾರಲ್ಲಿ? ಸತ್ತವರಲ್ಲಿ. ತೀರ್ಮಾನ ಯಾರ ಬಗ್ಗೆ? ಹೆಲ್ಮೆಟ್ ಧರಿಸಿ ಓಡಾಡುವ ಎಲ್ಲರ ಬಗ್ಗೆ. ಎರಡೂ ಬೇರೆ ಬೇರೆ. ಇಷ್ಟು ಕಂಡರೆ ಸಾಕು, ಕೂಡಿ ಕಳೆಯುವ ಕೆಲಸವೇ ಇಲ್ಲ. ‘ಸತ್ತವರಲ್ಲಿ ಹೆಚ್ಚಿನವರು 30 ವರ್ಷದೊಳಗಿನವರು’ ಎಂಬಂಥ ಆಯ್ಕೆ ಹಳೆಯ ಛೇದದಲ್ಲೇ ಸುತ್ತುತ್ತದೆ, ಬಿಟ್ಟುಬಿಡಬಹುದು. ‘ನಗರದ ಸವಾರರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಲ್ಮೆಟ್ ಧರಿಸುತ್ತಾರೆ’ ಎಂಬುದೇ ಉತ್ತರ. ವೇಗದಲ್ಲಿ ಈ ದಾರಿಗೆ ಸಾಟಿ ನನಗೆ ಸಿಗಲಿಲ್ಲ.

ಆದರೂ ಅದು ಸೋಲುವ ಜಾಗವೊಂದಿದೆ. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ 44, ಹೆಂಗಸರಲ್ಲಿ ಶೇ 35 ಮಂದಿಗೆ ಸೀಟು ಸಿಕ್ಕಿತ್ತು. ‘ಆದ್ದರಿಂದ ಹೆಂಗಸರಿಗೆ ಭೇದಭಾವ ಮಾಡಿದ್ದಾರೆ’ ಎಂಬ ವಾದವನ್ನು ಇದರ ಮೇಲೆ ಕಟ್ಟಿದರೆ ಛೇದ ಸರಿಯಾಗಿಯೇ ಇದೆ. ಆದರೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ. ಇಲ್ಲಿ ಅಂಕಿ ಹಾಕುವ ದಾರಿಯೇ ಮೇಲು. ಒಂದು ವಿಭಾಗ ಎಲ್ಲರಲ್ಲೂ ಶೇ 80ರಷ್ಟು, ಇನ್ನೊಂದು ಶೇ 20ರಷ್ಟು ಮಂದಿಯನ್ನು ಸೇರಿಸಿಕೊಳ್ಳುತ್ತದೆ ಎನ್ನೋಣ. 80 ಗಂಡಸರು ಮೊದಲನೆಯದಕ್ಕೆ, 20 ಮಂದಿ ಎರಡನೆಯದಕ್ಕೆ ಹೋದರೆ 68 ಸೀಟು. ಹೆಂಗಸರಲ್ಲಿ ಇದು ತಿರುವುಮುರುವಾದರೆ 32. ಭೇದಭಾವ ಎಲ್ಲೂ ಇಲ್ಲ, ಅಂತರ ಮಾತ್ರ ಭಾರಿ. ತಲೆಯಲ್ಲೇ ಇದನ್ನು ಹಿಡಿಯುವುದು ನನ್ನಿಂದಾಗುವುದಿಲ್ಲ.

ಮೂರನೆಯದು ಆಯ್ಕೆಯನ್ನು ನಿರಾಕರಿಸಿ ನೋಡುವುದು, ಅಂದರೆ ಅದು ಸುಳ್ಳು ಎಂದುಕೊಂಡರೆ ವಾದ ನಿಲ್ಲುತ್ತದೆಯೇ ಎಂದು ನೋಡುವುದು. ವಾದ ಹೇಳದೆಯೇ ನಂಬಿಕೊಂಡಿದ್ದೇನು ಎಂದು ಕೇಳಿದಾಗ ಮಾತ್ರ ಇದರಿಂದ ಲಾಭ. ‘ಕಂಪನಿಯ ಮಾರುಕಟ್ಟೆ ಪಾಲು ಶೇ 40ರಿಂದ 30ಕ್ಕೆ ಇಳಿಯಿತು, ಆದ್ದರಿಂದ ಮಾರಾಟವೂ ಇಳಿಯಿತು’ ಎಂಬ ವಾದದಲ್ಲಿ ‘ಮಾರುಕಟ್ಟೆ ಅಷ್ಟೊಂದು ಬೆಳೆದಿಲ್ಲ’ ಎಂಬ ಆಯ್ಕೆಯನ್ನು ನಿರಾಕರಿಸಿ: ಮೂರನೇ ಒಂದು ಭಾಗದಷ್ಟು ಬೆಳೆದಿದ್ದರೂ ಮಾರಾಟ ಇಳಿದಿಲ್ಲ. ವಾದ ಬಿದ್ದುಹೋಯಿತು, ಹಾಗಾಗಿ ವಾದ ನಂಬಿಕೊಂಡಿದ್ದು ಆ ಆಯ್ಕೆಯನ್ನೇ. ಎಚ್ಚರ ಬೇಕಾದದ್ದು ‘ಎಲ್ಲರೂ’ ಎಂಬಲ್ಲಿ. ಅದರ ನಿರಾಕರಣೆ ‘ಎಲ್ಲರೂ ಅಲ್ಲ’, ‘ಯಾರೂ ಇಲ್ಲ’ ಅಲ್ಲ.

ಹಾಗಾಗಿ ಈಗ ನಾನು ಛೇದದಿಂದಲೇ ಆರಂಭಿಸುತ್ತೇನೆ. ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡರೆ, ಇಲ್ಲವೇ ಗುಂಪಿನೊಳಗೆ ಗುಂಪಿದ್ದರೆ ಮಾತ್ರ ಅಂಕಿ ಹಾಕುತ್ತೇನೆ. ಕ್ಯಾಲ್ಕುಲೇಟರ್ ಇದೇ ಪರೀಕ್ಷೆಯ ಡೇಟಾ ಇನ್‌ಸೈಟ್ಸ್ ವಿಭಾಗಕ್ಕಷ್ಟೇ ಸೀಮಿತ. ವರ್ಬಲ್‌ನಲ್ಲಿ ಅದಿಲ್ಲವಾದ್ದರಿಂದ ನಾನು ಹಾಕುವ ಅಂಕಿ 100 ಅಥವಾ 1000 ದಾಟುವುದಿಲ್ಲ.