ಡ್ಯಾಶ್‌ಕ್ಯಾಮ್‌: ನಾಲ್ಕು ಬಗೆ ಹಾಕಿ ನೋಡಿದೆ, ಹಿಂದಕ್ಕೂ ನೋಡುವುದು ಉಳಿಯಿತು

ಕಾರಿಗೆ ಡ್ಯಾಶ್‌ಕ್ಯಾಮ್‌, ಅಂದರೆ ಗಾಜಿಗೆ ಅಂಟಿಕೊಂಡು ರಸ್ತೆಯನ್ನು ರೆಕಾರ್ಡ್‌ ಮಾಡುವ ಪುಟ್ಟ ಕ್ಯಾಮೆರಾ, ಬೇಕೋ ಬೇಡವೋ ಎಂಬ ಚರ್ಚೆ ನನ್ನ ಮಟ್ಟಿಗೆ ಮುಗಿದಿದೆ. ಬೇಕು. ಯಾವುದು ಎಂಬಲ್ಲಿ ಮಾತ್ರ ಅಂಗಡಿಯವರಿಗೂ ನನಗೂ ಹೊಂದಾಣಿಕೆ ಆಗಲಿಲ್ಲ. ಅವರ ಬಾಯಲ್ಲಿ ಮೊದಲು ಬರುವುದು 4ಕೆ, ಅಂದರೆ ಹೆಚ್ಚು ಪಿಕ್ಸೆಲ್ಲಿನ ವಿಡಿಯೊ. ನಾನು ಹಳೇ ಫೋನು, ಅಗ್ಗದ ಒಂಟಿ ಕ್ಯಾಮೆರಾ, 4ಕೆ ಒಂಟಿ ಕ್ಯಾಮೆರಾ, ಮುಂದೆ ಹಿಂದೆ ಎರಡೂ ಇರುವ ಜೋಡಿ ಕ್ಯಾಮೆರಾ, ಇಷ್ಟನ್ನೂ ಒಂದೇ ಹ್ಯಾಚ್‌ಬ್ಯಾಕ್‌ನಲ್ಲಿ ಬಳಸಿದ್ದೇನೆ. ಓಡಾಟ ಬೆಂಗಳೂರಿನ ಔಟರ್‌ ರಿಂಗ್‌ ರೋಡಿನಲ್ಲಿ, ಮತ್ತು ಊರಿಗೆ ಹೋಗುವಾಗ ಹಾಸನ, ಶಿರಾಡಿ ಮೇಲೆ ಪುತ್ತೂರಿಗೆ. ಕೊನೆಗೆ ಕಾರಿನಲ್ಲಿ ಉಳಿದದ್ದು ಜೋಡಿ ಕ್ಯಾಮೆರಾ. ಅದರಲ್ಲಿ 4ಕೆ ಇಲ್ಲ.

ಹಳೇ ಫೋನಿನ ಕಥೆ ಬೇಗ ಮುಗಿಯುತ್ತದೆ. ದುಡ್ಡು ಖರ್ಚಿಲ್ಲ, ಉಚಿತ ಆ್ಯಪ್‌ಗಳಿವೆ, ಹಗಲಿನ ಚಿತ್ರ ಅಗ್ಗದ ಕ್ಯಾಮೆರಾಗಳಿಗಿಂತ ಚೆನ್ನಾಗಿಯೇ ಬರುತ್ತದೆ. ಆದರೆ ಚಾರ್ಜ್‌ ಆಗುತ್ತಾ, ರೆಕಾರ್ಡ್‌ ಮಾಡುತ್ತಾ, ಗಾಜಿನ ಹಿಂದೆ ಬಿಸಿಲು ಕಾಯುತ್ತಾ ಕೂತ ಫೋನ್‌ ಮಧ್ಯಾಹ್ನದ ಹೊತ್ತಿಗೆ ಕಾದು ತನ್ನಷ್ಟಕ್ಕೆ ಆಫ್‌ ಆಗುತ್ತದೆ. ಪ್ರತಿ ಸಲ ಆ್ಯಪ್‌ ತೆರೆಯಬೇಕು. ತರಕಾರಿ ತರಲು ಎರಡು ಕಿಲೋಮೀಟರ್‌ ಹೋಗುವಾಗ ಯಾರು ಆ್ಯಪ್‌ ತೆರೆಯುತ್ತಾರೆ? ಗುದ್ದಾಟ ಆಗುವುದು ಅಂಥ ಓಡಾಟದಲ್ಲೇ. ಕೀ ತಿರುಗಿಸಿದ ಕೂಡಲೇ ಯಾರೂ ಹೇಳದೆ ತಾನೇ ಶುರುವಾಗಬೇಕು. ಡ್ಯಾಶ್‌ಕ್ಯಾಮ್‌ಗೆ ಮೊದಲ ಪರೀಕ್ಷೆ ಇದು. ಫೋನ್‌ ಇಲ್ಲೇ ಫೇಲ್‌.

ಎರಡನೆಯದು ಮೂರು ಸಾವಿರದ ಆಸುಪಾಸಿನ ಒಂಟಿ ಕ್ಯಾಮೆರಾ. 1080ಪಿ ವಿಡಿಯೊ (4ಕೆಯ ಕಾಲು ಭಾಗ ಪಿಕ್ಸೆಲ್‌), ಎರಡು ಇಂಚಿನ ಸ್ಕ್ರೀನ್‌, ಒಳಗೆ ಪುಟ್ಟ ಲಿಥಿಯಂ ಬ್ಯಾಟರಿ. ಇದನ್ನು ಹಗುರವಾಗಿ ಕಾಣಬೇಡಿ, ಏಕೆಂದರೆ ಈವರೆಗೆ ನನಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಇದೇ. ಸಕಲೇಶಪುರದ ಹತ್ತಿರ ಏರಿನಲ್ಲಿ ಸಾಲುಗಟ್ಟಿ ನಿಂತಿದ್ದಾಗ ಮುಂದಿನ ಕಾರು ಹ್ಯಾಂಡ್‌ಬ್ರೇಕ್‌ ಇಲ್ಲದೆ ಹಿಂದಕ್ಕೆ ಜಾರಿ ನನ್ನ ಬಂಪರ್‌ಗೆ ತಾಗಿತು. ಆತ ಇಳಿದವನೇ “ನೋಡ್ಕೊಂಡು ಓಡಿಸ್ಲಿಕ್ಕೆ ಆಗಲ್ವೇನ್ರೀ?” ಎಂದು ಶುರು ಮಾಡಿದ. ಹಿಂದಿನಿಂದ ತಾಗಿದ್ದರೆ ತಪ್ಪು ಹಿಂದಿನವನದ್ದೇ ಎಂಬುದು ನಮ್ಮ ರಸ್ತೆಗಳ ಅಲಿಖಿತ ಕಾನೂನು. ಸುತ್ತ ಸೇರಿದವರೂ ಅವನ ಕಡೆಗೇ ವಾಲಿದ್ದರು. ಆ ಎರಡು ಇಂಚಿನ ಸ್ಕ್ರೀನಿನಲ್ಲಿ ಅವನ ಕಾರು ನಿಧಾನವಾಗಿ ದೊಡ್ಡದಾಗುತ್ತಾ ಬರುವುದನ್ನು ತೋರಿಸಿದೆ. ನನ್ನ ಪಕ್ಕದ ಮೈಲಿಗಲ್ಲು ಕದಲಿರಲಿಲ್ಲ. ಮಾತು ಅಲ್ಲಿಗೆ ನಿಂತಿತು. ಸ್ಟೇಷನ್ನೂ ಇಲ್ಲ, ಇನ್‌ಶೂರೆನ್ಸೂ ಇಲ್ಲ.

ಅಂದಿನಿಂದ ಸ್ಕ್ರೀನ್‌ ಇಲ್ಲದ ಕ್ಯಾಮೆರಾ ಬೇಡ ಎಂದು ತೀರ್ಮಾನಿಸಿದೆ. ಈಗ ಬರುವ ಹಲವು ಕ್ಯಾಮೆರಾಗಳಲ್ಲಿ ವಿಡಿಯೊ ನೋಡಲು ಫೋನನ್ನು ಅದರ ವೈ-ಫೈಗೆ ಜೋಡಿಸಬೇಕು. ಮನೆಯಲ್ಲಿ ಕೂತು ಮಾಡಲು ಚೆನ್ನ. ನಡುರಸ್ತೆಯಲ್ಲಿ ನಾಲ್ಕು ಜನ ಕೂಗಾಡುತ್ತಿರುವಾಗ ಪಾಸ್‌ವರ್ಡ್‌ ಹಾಕುವಷ್ಟು ತಾಳ್ಮೆ ಯಾರಿಗಿದೆ?

ಸಣ್ಣಪುಟ್ಟ ತಾಗಾಟಗಳಲ್ಲಿ ಸ್ಥಳದಲ್ಲೇ ಬಗೆಹರಿಯುವುದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ನಮ್ಮದೇ ಪಾಲಿಸಿಯಲ್ಲಿ ಕ್ಲೇಮ್‌ ಮಾಡಿದರೆ ನೋ ಕ್ಲೇಮ್‌ ಬೋನಸ್‌ (ಕ್ಲೇಮ್‌ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಅದು 20 ಪ್ರತಿಶತದಿಂದ ಶುರುವಾಗಿ ವರ್ಷಗಳ ಮೇಲೆ 50ರವರೆಗೆ ಏರಿರುತ್ತದೆ. ತಪ್ಪು ನಮ್ಮದಲ್ಲದಿದ್ದರೂ ಬಂಪರ್‌ ಖರ್ಚನ್ನು ಕೈಯಿಂದಲೇ ಹಾಕಿಕೊಂಡು ಸುಮ್ಮನಾಗುವವರು ಇದಕ್ಕೇ. ಕ್ಯಾಮೆರಾ ಇದೆ ಎಂದು ನನಗಂತೂ ಪ್ರೀಮಿಯಂನಲ್ಲಿ ಯಾರೂ ಒಂದು ರೂಪಾಯಿ ಕಡಿಮೆ ಮಾಡಿಲ್ಲ. ಲಾಭ ಇರುವುದು ಹೀಗೆ ಉಳಿದ ಬೋನಸ್ಸಿನಲ್ಲಿ.

ಅಗ್ಗದ ಕ್ಯಾಮೆರಾದ ನಿಜವಾದ ರೋಗ ಬಿಸಿಲು. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ, ಅದರಲ್ಲೂ ಗಾಜಿಗೆ ತಾಗಿಕೊಂಡು, 60 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಲಿಥಿಯಂ ಬ್ಯಾಟರಿಗೆ ಅದು ಆಗಿಬರುವುದಿಲ್ಲ. ಬೆಂಗಳೂರಿನಲ್ಲಿ ನನ್ನದು ಹೇಗೋ ಬದುಕಿತ್ತು. ಅಂಥದ್ದೇ ಒಂದನ್ನು ಕೊಂಡ ಕಲಬುರಗಿಯ ಗೆಳೆಯ ಒಂದೇ ಬೇಸಿಗೆ ಕಳೆದ ಮೇಲೆ ಫೋಟೊ ಕಳಿಸಿ, “ಏನಪಾ, ಇದರ ಹೊಟ್ಟಿ ಉಬ್ಬೇದಲ್ಲ!” ಎಂದ. ಕ್ಯಾಮೆರಾದ ಬೆನ್ನು ಬಿರಿದು ಒಳಗಿನ ಬ್ಯಾಟರಿ ದಿಂಬಿನ ಹಾಗೆ ಕಾಣುತ್ತಿತ್ತು. ಬ್ಯಾಟರಿ ಹೀಗೆ ಸತ್ತರೆ ಇನ್ನೊಂದು ತೊಂದರೆಯಿದೆ. ಗುದ್ದಿದ ರಭಸಕ್ಕೆ ಕಾರಿನ ಕರೆಂಟ್‌ ಕಡಿದರೆ ಕೊನೆಯ ಫೈಲನ್ನು ಮುಚ್ಚಿ ಉಳಿಸಲು ಕೆಲವು ಸೆಕೆಂಡು ಶಕ್ತಿ ಬೇಕು. ಅದಿಲ್ಲದಿದ್ದರೆ ಬೇಕಾದ ಆ ಒಂದು ಫೈಲೇ ತೆರೆಯದೆ ಹೋಗಬಹುದು. ಬ್ಯಾಟರಿಯ ಬದಲು ಸೂಪರ್‌ ಕೆಪಾಸಿಟರ್‌ (ಸ್ವಲ್ಪ ಹೊತ್ತಿಗೆ ಕರೆಂಟ್‌ ಹಿಡಿದಿಡುವ ಬಿಡಿಭಾಗ) ಇರುವ ಕ್ಯಾಮೆರಾಗಳು ಮಾಡುವುದು ಈ ಕೆಲಸವನ್ನೇ. ಬಿಸಿಲನ್ನೂ ಬ್ಯಾಟರಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಡಬ್ಬದ ಮೇಲೆ ಮೊದಲು ಹುಡುಕಬೇಕಾದ ಪದ ಇದು. 4ಕೆ ಆಮೇಲೆ.

ಇನ್ನು ಆ 4ಕೆ. ಗೆಳೆಯರೊಬ್ಬರ ಒಂಟಿ 4ಕೆ ಕ್ಯಾಮೆರಾವನ್ನೂ ನನ್ನ ಜೋಡಿ ಕ್ಯಾಮೆರಾವನ್ನೂ (ಮುಂದೆ 1440ಪಿ, ಹಿಂದೆ 1080ಪಿ, ಕಡಿಮೆ ಬೆಳಕಿಗೆಂದು ಮಾಡಿದ ಸೋನಿ ಸ್ಟಾರ್ವಿಸ್‌ ಸೆನ್ಸರ್‌) ಒಂದೇ ಗಾಜಿಗೆ ಅಕ್ಕಪಕ್ಕ ಅಂಟಿಸಿ ಕೆಲವು ವಾರ ಓಡಿಸಿದೆ. ಹಗಲಿನಲ್ಲಿ 4ಕೆ ಗೆದ್ದಿತು, ಅನುಮಾನವೇ ಇಲ್ಲ. ಪಕ್ಕದ ಲೇನಿನಲ್ಲಿ ದಾಟಿಹೋದ ಸ್ಕೂಟರಿನ ನಂಬರ್‌ ನನ್ನದರಲ್ಲಿ ಮಸುಕಾಗಿದ್ದಾಗ ಅದರಲ್ಲಿ ಓದಲು ಬರುತ್ತಿತ್ತು. ರಾತ್ರಿ ಲೆಕ್ಕ ತಲೆಕೆಳಗಾಯಿತು. ಕಾರಣ ನಂಬರ್‌ ಪ್ಲೇಟ್‌. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್‌ ಪ್ಲೇಟ್‌) ಬಂದಿದೆ, ಹಳೆಯ ಗಾಡಿಗಳಿಗೂ ಹಾಕಿಸಲು ಹೇಳಿದ್ದಾರೆ. ಈ ಪ್ಲೇಟುಗಳ ಮೈ ಬೆಳಕನ್ನು ಬಂದ ದಿಕ್ಕಿಗೇ ವಾಪಸ್‌ ಎಸೆಯುತ್ತದೆ. ಕಣ್ಣಿಗೆ ಒಳ್ಳೆಯದು. ಕತ್ತಲೆಗೆ ಹೊಂದಿಕೊಂಡ ಕ್ಯಾಮೆರಾಗೆ ಮಾತ್ರ ಹೆಡ್‌ಲೈಟ್‌ ಬಿದ್ದ ಪ್ಲೇಟು ಬರೀ ಬೆಳ್ಳಗಿನ ಚೌಕ. ಎಷ್ಟು ಪಿಕ್ಸೆಲ್‌ ಇದ್ದರೇನು, ಚೌಕದಲ್ಲಿ ಅಕ್ಷರವೇ ಇಲ್ಲ. ಕತ್ತಲು ಬೆಳಕು ಎರಡನ್ನೂ ಒಟ್ಟಿಗೆ ಹಿಡಿಯುವ ಎಚ್‌ಡಿಆರ್‌ ಸರಿಯಾಗಿದ್ದ ನನ್ನ ಕ್ಯಾಮೆರಾ ಕಡಿಮೆ ಪಿಕ್ಸೆಲ್ಲಿನಲ್ಲೂ ನಂಬರ್‌ ಹಿಡಿದದ್ದೇ ಹೆಚ್ಚು. ಅದೂ ಗಾಡಿ ಹತ್ತಿರದಲ್ಲಿದ್ದು, ನಿಧಾನವಾಗಿದ್ದಾಗ. ಹೆದ್ದಾರಿಯಲ್ಲಿ ರಾತ್ರಿ ಎದುರಿನಿಂದ ಹಾದುಹೋದ ಲಾರಿಯ ನಂಬರ್‌ ಎರಡರಲ್ಲೂ ಸಿಗಲಿಲ್ಲ. ಆದ್ದರಿಂದ ರಾತ್ರಿ ಏನಾದರೂ ಕಂಡರೆ ನಂಬರನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಮೈಕ್‌ ಆನ್‌ ಇದ್ದರೆ ಅದು ದಾಖಲಾಗುತ್ತದೆ.

ಅಗಲ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. 170 ಡಿಗ್ರಿ ಲೆನ್ಸ್‌ ಫುಟ್‌ಪಾತಿನಿಂದ ಫುಟ್‌ಪಾತಿಗೆ ಎಲ್ಲವನ್ನೂ ತೋರಿಸುತ್ತದೆ, ಎದುರಿನ ಪ್ಲೇಟನ್ನು ಮಾತ್ರ ಇರುವೆಯಷ್ಟು ಮಾಡುತ್ತದೆ. 140 ಸಾಕು.

ಇಷ್ಟಾದರೂ ಜೋಡಿ ಕ್ಯಾಮೆರಾ ಗೆದ್ದದ್ದು ರಾತ್ರಿಯ ಚಿತ್ರಕ್ಕಲ್ಲ, ಹಿಂದಿನ ಗಾಜಿನ ಪುಟ್ಟ ಕಣ್ಣಿಗೆ. ಮಾರತಹಳ್ಳಿ ಕಡೆ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಬೈಕೊಂದು ಹಿಂದಿನಿಂದ ಬಂದು ಗುದ್ದಿತು. ಆಗ ಇದ್ದದ್ದು ಒಂಟಿ ಕ್ಯಾಮೆರಾ. ಸವಾರನ ವಾದ, ನಾನು ರಿವರ್ಸ್‌ ತೆಗೆದೆ ಎಂದು. ಮುಂದಿನ ವಿಡಿಯೊದಲ್ಲಿ ಕಂಡದ್ದು ಒಂದು ಕುಲುಕಾಟ, ಅಷ್ಟೇ. ನಾನು ಹಿಂದೆ ಸರಿದಿಲ್ಲ ಎಂದು ಅದರಲ್ಲಿ ತೋರಿಸಬಹುದಿತ್ತು. ಆತ ಫೋನ್‌ ನೋಡುತ್ತಾ ಬಂದದ್ದನ್ನು ತೋರಿಸಲು ಆಗಲಿಲ್ಲ. ನಗರದಲ್ಲಿ ಓಡಿಸುವವರು ಯೋಚಿಸಿ ನೋಡಿ: ಮುಂದೆ ಏನಾಗುತ್ತದೆ ಎಂಬುದು ಸ್ವಲ್ಪಮಟ್ಟಿಗಾದರೂ ನಮ್ಮ ಬ್ರೇಕಿನ ಕೈಯಲ್ಲಿದೆ. ಹಿಂದಿನಿಂದ ಬರುವವನು ದೇವರ ಕೈಯಲ್ಲಿದ್ದಾನೆ. ಸಾಕ್ಷಿ ಹೆಚ್ಚು ಬೇಕಾದದ್ದು ಅಲ್ಲಿ.

2023ರ ಜನವರಿಯಲ್ಲಿ ಸರ್ಜಾಪುರ ರಸ್ತೆಯ ಕಡೆ ನಡುರಾತ್ರಿ ಬೈಕೊಂದು ಬೇಕೆಂದೇ ಕಾರಿಗೆ ಗುದ್ದಿ, ಒಳಗಿದ್ದ ದಂಪತಿಯನ್ನು ಹೆದರಿಸಿ ಬೆನ್ನಟ್ಟಿದ ವಿಡಿಯೊ ನಿಮಗೆ ನೆನಪಿರಬಹುದು. ಅದು ಡ್ಯಾಶ್‌ಕ್ಯಾಮ್‌ ದೃಶ್ಯ. ಅದರ ನಂತರ ನನ್ನ ಪರಿಚಯದಲ್ಲೇ ಎಷ್ಟೋ ಜನ ಕ್ಯಾಮೆರಾ ಹಾಕಿಸಿಕೊಂಡರು. ಅದೇ ವರ್ಷ ಬಂದ ಹುಂಡೈ ಎಕ್ಸ್‌ಟರ್‌ನಂಥ ಸಣ್ಣ ಗಾಡಿಯ ಮೇಲ್ದರ್ಜೆಯ ಮಾದರಿಗೂ ಕಂಪನಿಯಿಂದಲೇ ಡ್ಯಾಶ್‌ಕ್ಯಾಮ್‌ ಬಂತು. ಅಂಥವುಗಳಲ್ಲಿ ಎರಡನೆಯ ಕಣ್ಣು ಕಾರಿನ ಒಳಗಡೆ ನೋಡುತ್ತದೆ, ಹಿಂದಿನ ರಸ್ತೆಯನ್ನಲ್ಲ. ಕ್ಯಾಬ್‌ ಓಡಿಸುವವರಿಗೆ ಅದೇ ಹೆಚ್ಚು ಉಪಯೋಗ. ಗಿರಾಕಿಯ ಜೊತೆ ಜಗಳವಾದರೆ ದಾಖಲೆ ಇರುತ್ತದೆ. ಮನೆಯ ಕಾರಿಗೆ ನನ್ನ ಆಯ್ಕೆ ಹಿಂದಿನ ರಸ್ತೆಯೇ.

ಮಿರರ್‌ಗೆ ಕಟ್ಟುವ ಉದ್ದ ಸ್ಕ್ರೀನಿನ ಕ್ಯಾಮೆರಾವನ್ನೂ ಒಬ್ಬರ ಕಾರಿನಲ್ಲಿ ಓಡಿಸಿ ನೋಡಿದೆ. ಭಾರಕ್ಕೆ ಮಿರರ್‌ ಅಲುಗಾಡುತ್ತದೆ, ಜೊತೆಗೆ ವಿಡಿಯೊ ಕೂಡ. ಮುಂದಕ್ಕೆ ಹೋಗೋಣ.

ಜೋಡಿ ಕ್ಯಾಮೆರಾಗೆ ನಾನು ಕೊಟ್ಟದ್ದು ಎಂಟು ಸಾವಿರದ ಹತ್ತಿರ. ಕೂಲಿ, ಕಾರ್ಡ್‌ ಬೇರೆ. ಹಾಕಿಸಿದ್ದು ಜೆ.ಸಿ. ರಸ್ತೆಯಲ್ಲಿ. ಅಲ್ಲಿನ ಹುಡುಗರ ಕೈ ಚುರುಕು, ಕಾಲು ಗಂಟೆಯಲ್ಲಿ ತಂತಿಯನ್ನು ಮಾಯ ಮಾಡುತ್ತಾರೆ. ಆದರೆ ಪಕ್ಕದಲ್ಲಿ ನಿಂತು ಒಂದನ್ನು ನೋಡಿಕೊಳ್ಳಿ. ಬದಿಯ ಕಿಟಕಿಗಳ ಮೇಲೆ ಬಿಚ್ಚಿಕೊಳ್ಳುವ ಕರ್ಟನ್‌ ಏರ್‌ಬ್ಯಾಗ್‌ ಇರುವ ಕಾರಾದರೆ ಮುಂದಿನ ಗಾಜಿನ ಪಕ್ಕದ ಕಂಬದ ಪಟ್ಟಿಯೊಳಗೆ ತಂತಿ ಏರ್‌ಬ್ಯಾಗಿನ ಹಿಂದಿನಿಂದ ಹೋಗಬೇಕು, ಅದರ ಮೇಲೆ ಅಡ್ಡ ಬರಬಾರದು. ಬಂದರೆ ಏರ್‌ಬ್ಯಾಗ್‌ ಬಿಚ್ಚಿಕೊಳ್ಳುವಾಗ ಅಡ್ಡಿ. ಕ್ಯಾಮೆರಾ ಮಿರರಿನ ಹಿಂದೆ, ವೈಪರ್‌ ಒರೆಸುವ ಜಾಗದಲ್ಲೇ ಕೂರಬೇಕು. ಗಾಜಿನ ಮೂಲೆಯಲ್ಲಿ ಅಂದವಾಗಿ ಕೂತ ಕ್ಯಾಮೆರಾ ಜುಲೈ ತಿಂಗಳ ಶಿರಾಡಿಯಲ್ಲಿ ನೀರಿನ ಹನಿಗಳನ್ನಷ್ಟೇ ರೆಕಾರ್ಡ್‌ ಮಾಡುತ್ತದೆ.

ನಿಲ್ಲಿಸಿದಾಗಲೂ ಕಾಯುವ ಪಾರ್ಕಿಂಗ್‌ ಮೋಡ್‌ ಬೇಕಾದರೆ ಫ್ಯೂಸ್‌ ಬಾಕ್ಸಿನಿಂದ ನೇರ ಕರೆಂಟ್‌ ಕೊಡಬೇಕು. ಬರೀ 0.3 ಆಂಪಿಯರ್‌ ಎಳೆದರೂ ದಿನಕ್ಕೆ 7 ಆಂಪಿಯರ್‌-ಅವರ್‌ ಮೇಲಾಯಿತು. ಸಣ್ಣ ಕಾರಿನ ಬ್ಯಾಟರಿಯೇ 35ರ ಆಸುಪಾಸು. ಎರಡು ದಿನ ಕಾರು ತೆಗೆಯದಿದ್ದರೆ, ಬ್ಯಾಟರಿ ಹಳೆಯದಾಗಿದ್ದರೆ, ಸೋಮವಾರ ಬೆಳಿಗ್ಗೆ ಅಕ್ಕಪಕ್ಕದವರನ್ನು ತಳ್ಳಲು ಕರೆಯಬೇಕು. ವೋಲ್ಟೇಜ್‌ 12ಕ್ಕೆ ಇಳಿದ ಕೂಡಲೇ ಕಟ್‌ ಮಾಡುವ ಕಿಟ್‌ ಇದ್ದರೆ ಮಾತ್ರ ಹಾಕಿಸಿ. ನಮ್ಮದು ಬೇಸ್‌ಮೆಂಟ್‌ ಪಾರ್ಕಿಂಗ್‌, ಸಿಸಿಟಿವಿ ಇದೆ. ನಾನು ಸಿಗರೇಟ್‌ ಸಾಕೆಟ್‌ಗೆ ಸಿಕ್ಕಿಸಿ ಸುಮ್ಮನಾದೆ. ಬೀದಿಯಲ್ಲಿ ನಿಲ್ಲಿಸುವವರ ಲೆಕ್ಕ ಬೇರೆ.

ಜೋಡಿ ಕ್ಯಾಮೆರಾದ ದೋಷವನ್ನೂ ಹೇಳಬೇಕು: ಕಾರ್ಡನ್ನು ಬಕಾಸುರನಂತೆ ತಿನ್ನುತ್ತದೆ. ಅಗ್ಗದ ಒಂಟಿ ಕ್ಯಾಮೆರಾ ಗಂಟೆಗೆ 6 ಜಿಬಿ ಆಸುಪಾಸು ಬರೆಯುತ್ತಿತ್ತು. ಇದು ಎರಡೂ ಸೇರಿ ಸುಮಾರು 14. 64 ಜಿಬಿ ಕಾರ್ಡ್‌ ನಾಲ್ಕು ಗಂಟೆಗೆ ತುಂಬಿ ಹಳೆಯದರ ಮೇಲೆ ಹೊಸದು ಬರೆಯಲು ಶುರು. ಅಂದರೆ ಬೆಳಿಗ್ಗೆ ಹೊರಟು, ದಾರಿಯಲ್ಲಿ ತಿಂಡಿ ತಿಂದು, ಶಿರಾಡಿ ಇಳಿಯುವ ಹೊತ್ತಿಗೆ ನೆಲಮಂಗಲದಲ್ಲಿ ಏನಾಯಿತೆಂಬುದು ಕಾರ್ಡಿನಲ್ಲಿ ಇರುವುದಿಲ್ಲ. 128 ಜಿಬಿ ಹಾಕಿ, ಅದೂ ಹೈ ಎಂಡ್ಯೂರೆನ್ಸ್‌ ಎಂದು ಬರೆದದ್ದು. ಫೋನಿಗೆ ಹಾಕುವ ಸಾಮಾನ್ಯ ಕಾರ್ಡ್‌ ಈ ನಿರಂತರ ಬರೆಯುವಿಕೆಗೆ ಬೇಗ ಸವೆದು, ಸದ್ದಿಲ್ಲದೆ ಕೆಡುತ್ತದೆ.

ಗುದ್ದು ತಗುಲಿದಾಗ ಆ ಫೈಲನ್ನು ಅಳಿಸದಂತೆ ಬೀಗ ಹಾಕುವುದು ಜಿ-ಸೆನ್ಸರ್‌ ಕೆಲಸ. ಬಹುತೇಕ ಎಲ್ಲ ಡ್ಯಾಶ್‌ಕ್ಯಾಮ್‌ಗಳಲ್ಲೂ ಇದೆ. ನಮ್ಮ ಹಂಪ್ಸ್‌ಗಳನ್ನು ಮನಸ್ಸಿನಲ್ಲಿಟ್ಟು ಯಾರೂ ಅದನ್ನು ಮಾಡಿಲ್ಲ. ಮಧ್ಯಮ ಮಟ್ಟದಲ್ಲಿಟ್ಟರೆ ಬಡಾವಣೆಯ ಪ್ರತಿ ಹಂಪ್ಸೂ ಅದಕ್ಕೆ ಅಪಘಾತವೇ. ಬೀಗ ಹಾಕಿದ ಫೈಲುಗಳೇ ತುಂಬಿ ಜಾಗ ಕಿರಿದಾಗುತ್ತದೆ. ಅತಿ ಕಡಿಮೆಗೆ ಇಳಿಸಿ. ಏನಾದರೂ ಆದರೆ ಬಟನ್‌ ಒತ್ತಿ ನಾವೇ ಬೀಗ ಹಾಕುವುದು ಮೇಲು. ಜೊತೆಗೆ ಸೆಟ್ಟಿಂಗಿನಲ್ಲಿ 50 ಹರ್ಟ್ಜ್‌ ಇರಲಿ, ನಮ್ಮ ಕರೆಂಟಿನ ಲಯ ಅದೇ. 60 ಇದ್ದರೆ ರಾತ್ರಿ ಬೀದಿದೀಪಗಳು ಮಿಣಮಿಣ ಅನ್ನುತ್ತವೆ.

ವಿಷಯ ದೊಡ್ಡದಾಗಿ ಕೋರ್ಟಿಗೆ ಹೋದರೆ ಫಾರ್ವರ್ಡ್‌ ಮಾಡಿದ ವಾಟ್ಸ್ಯಾಪ್‌ ವಿಡಿಯೊ ನೆಚ್ಚಿಕೊಂಡು ಕೂರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್‌ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗವನ್ನು ನಾವು, ಇನ್ನೊಂದನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಶ್‌ ಮೌಲ್ಯವನ್ನೂ (ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಹಾಗಾಗಿ ಕ್ಯಾಮೆರಾ ಆಫ್‌ ಮಾಡಿ, ಕಾರ್ಡ್‌ ತೆಗೆದು, ಕತ್ತರಿಸದ ಮೂಲ ಫೈಲನ್ನು ಹಾಗೇ ಎತ್ತಿಡುವುದು ಮೊದಲ ಕೆಲಸ. ದಿನಾಂಕ, ಸಮಯ ಸರಿಯಿರಬೇಕು. ಜಿಪಿಎಸ್‌ ಇರುವ ಕ್ಯಾಮೆರಾ ಸಮಯವನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಅಗ್ಗದ್ದರಲ್ಲಿ ಬ್ಯಾಟರಿ ಸತ್ತರೆ ಗಡಿಯಾರ ಯಾವುದೋ ಹಳೇ ವರ್ಷಕ್ಕೆ ಓಡಿಹೋಗುತ್ತದೆ.

ಜಿಪಿಎಸ್‌ ಇದ್ದರೆ ನಮ್ಮ ವೇಗವೂ ವಿಡಿಯೊದ ಮೇಲೆ ಅಚ್ಚಾಗುತ್ತದೆ. 80ರ ರಸ್ತೆಯಲ್ಲಿ 105 ಇದ್ದರೆ ಅದೂ ಸಾಕ್ಷಿಯೇ, ನಮ್ಮ ವಿರುದ್ಧ. ಹಾಗೆಂದು ಕಲಬುರಗಿಯ ಗೆಳೆಯ ಅದನ್ನು ಆಫ್‌ ಮಾಡಿಟ್ಟಿದ್ದಾನೆ. ನಾನು ಆನ್‌ ಇಟ್ಟಿದ್ದೇನೆ, ಅದಿರುವುದಕ್ಕೇ ಕಾಲು ಸ್ವಲ್ಪ ಹಗುರವಾಗಿದೆ. ಮೈಕ್‌ ಮಾತ್ರ ನಾನು ಒಬ್ಬನೇ ಇದ್ದಾಗ ಆನ್‌, ಮನೆಯವಳು ಹತ್ತಿದ ಕೂಡಲೇ ಆಫ್‌. ಅದು ಅವಳು ಹಾಕಿದ ಷರತ್ತು.