ಕೌನ್ಸೆಲಿಂಗ್ ಕೋಣೆಯ ಬಾಗಿಲ ಹೊರಗೆ ಒಂದು ಡೋಮ್

ಸೋಫಾ, ಹಳದಿ ದೀಪ, ಗಿಡ ಎಲ್ಲ ಹೊಂದಿಸಿದ ಮೇಲೂ ಒಳಗಿನ ಮಾತು ವೇಟಿಂಗ್ ರೂಮಿಗೆ ಕೇಳಿಸಿದರೆ ಬಂದವರು ಮನಬಿಚ್ಚುವುದಿಲ್ಲ. ಇದಕ್ಕೆ ಯೋಗಸ್ಲೀಪ್ ಕಂಪನಿಯ ಡೋಮ್ ಕ್ಲಾಸಿಕ್ ಒಳ್ಳೆಯ ಆಯ್ಕೆ; ಒಂದೇ ಸಮನೆ ಸುಯ್ಯೆನ್ನುವ ಸದ್ದು ಮಾಡಿ ಮಾತನ್ನು ಮರೆಮಾಡುವ ಪುಟ್ಟ ಯಂತ್ರ ಅದು. ಒಳಗೆ ನಿಜವಾದ ಪುಟ್ಟ ಫ್ಯಾನ್ ಇದೆ. ರೆಕಾರ್ಡ್ ಮಾಡಿದ ಸದ್ದು ಮತ್ತೆಮತ್ತೆ ಸುತ್ತುವ ಕಿರಿಕಿರಿ ಇಲ್ಲ. ವೇಗ ಎರಡು; ಮುಚ್ಚಳ ತಿರುಗಿಸಿ ಸದ್ದನ್ನು ಹದಗೊಳಿಸಬೇಕು. ಇಡಬೇಕಾದ್ದು ಹೊರಗೆ, ಬಾಗಿಲ ಬಳಿ ನೆಲದ ಮೇಲೆ. ಒಳಗಿಟ್ಟರೆ ಮೆಲುದನಿಯವರ ಮಾತೇ ಮುಚ್ಚಿಹೋಗುತ್ತದೆ. ಮೊದಲು ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಆ ಸಂದಿ ತೆರೆದಿದ್ದರೆ ಯಾವ ಯಂತ್ರವೂ ಪೂರ್ತಿ ಕೆಲಸ ಮಾಡದು. ಅಮೆರಿಕದಿಂದ ತರಿಸುವವರು ಗಮನಿಸಿ: 120 ವೋಲ್ಟ್ ಮಾದರಿಯನ್ನು ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಮೋಟಾರ್ ಸುಡುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ಸಾಲದು, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರೇ ಬೇಕು.