ಹಪ್ಪಳದ ಹಾಗೆ ಉಬ್ಬಿದ ಬ್ಯಾಟರಿ, ದುರ್ಗಿಗುಡಿಯ ರಿಪೇರಿ ಅಂಗಡಿ

ಸಾಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ ತೆಗೆಯೋದು, ಸ್ಕಾಲರ್‌ಶಿಪ್ ಅರ್ಜಿ ತುಂಬೋದು, ಗೃಹಪ್ರವೇಶದ ಕಾಗದ ಟೈಪ್ ಮಾಡೋದು, ಎಲ್ಲಾ ಒಂದೇ ಲ್ಯಾಪ್‌ಟಾಪಿನಲ್ಲಿ. ಅದಕ್ಕೆ ಐದು ವರ್ಷ ಆಯ್ತು. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಹೇಳೋ ಹಾಗಿಲ್ಲ. ಹಾಗಾಗಿ ಐದು ವರ್ಷವೂ ಚಾರ್ಜರ್ ಪಿನ್ ಚುಚ್ಚಿದ್ದು ಚುಚ್ಚಿದ ಹಾಗೇ ಇತ್ತು.

ಗೌರಿ ಹಬ್ಬದ ಹಿಂದಿನ ವಾರ ಮೌಸ್‌ಪ್ಯಾಡ್ ಕ್ಲಿಕ್ ಆಗೋದು ನಿಂತಿತು. ಆಮೇಲೆ ಅದರ ಒಂದು ಅಂಚು ಮೇಲೆದ್ದಿತು. ಊರಲ್ಲೇ ಒಬ್ಬರಿಗೆ ತೋರಿಸಿದೆ. ಮೌಸ್‌ಪ್ಯಾಡ್ ಹೋಗಿದೆ, ಬದಲಾಯಿಸ್ಬೇಕು ಅಂದರು. ಅಂದು ಸುಮ್ಮನಾಗದೆ, ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅಡಿಯ ಸ್ಕ್ರೂ ಬಿಗಿ ಮಾಡಿ ಕೊಟ್ಟರು. ಮೂರನೇ ದಿನ ಮತ್ತೆ ಎದ್ದಿತು. ಮನೆಗೆ ತಂದರೆ ನಮ್ಮತ್ತೆ, "ಭಾರ ಹೇರಿಡೇ, ಇಳಿಯುತ್ತೆ" ಅಂದರು. ಅವರಿಗೆ ಉಪ್ಪಿನಕಾಯಿಗೆ ಮಿಡಿ ಹಾಕಿ ಕಲ್ಲು ಹೇರಿ ಅಭ್ಯಾಸ. ನಾನೂ ಅವರ ಮಾತು ಕೇಳಿ ಒಂದು ರಾತ್ರಿ ಮೂರು ಬಂಡಲ್ ಎ4 ಹಾಳೆ ಹೇರಿಟ್ಟೆ. ಈಗ ನೆನೆಸಿಕೊಂಡರೆ ಕೈ ತಣ್ಣಗಾಗುತ್ತೆ.

ಅಂತೂ ಶಿವಮೊಗ್ಗದ ಈ ಅಂಗಡಿಗೆ ಹೋದೆ. ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ, ಮೊದಲ ಮಹಡಿ, ಮೆಟ್ಟಿಲು ಕಡಿದು. ಇಬ್ಬರು ಹುಡುಗರು, ಒಂದು ಮೇಜು, ಕೂರೋಕೆ ಒಂದೇ ಸ್ಟೂಲ್, ಅದರ ಮೇಲೂ ಒಂದು ಪ್ರಿಂಟರ್.

ಹುಡುಗ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಬಗ್ಗಿ ಅಡ್ಡಲಾಗಿ ನೋಡಿದ. ಮುಟ್ಟಲಿಲ್ಲ. "ಅಕ್ಕ, ಇದು ಮೌಸ್‌ಪ್ಯಾಡ್ ಅಲ್ಲ, ಬ್ಯಾಟರಿ ಊದಿದೆ. ಚಾರ್ಜ್ ಎಷ್ಟಿದೆ?" ಅಂದ. ನಾನು ಜಂಬದಿಂದ "ಫುಲ್ ಇದೆ, ಬೆಳಿಗ್ಗೆ ಮಾಡ್ಕೊಂಡೇ ಬಂದೆ" ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಫುಲ್ ಚಾರ್ಜ್ ಆದ ಬ್ಯಾಟರಿಯಲ್ಲಿ ಉರಿಯೋ ಶಕ್ತಿ ತುಂಬಿಕೊಂಡಿರುತ್ತೆ, ಊದಿದ ಮೇಲೆ ಚಾರ್ಜಿಗೇ ಹಾಕಬಾರದು ಅಂತ ಆಮೇಲೆ ಹೇಳಿದ. ಆ ಲ್ಯಾಪ್‌ಟಾಪನ್ನು ತುಂಬಿದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ ತೊಡೆ ಮೇಲೆ ಇಟ್ಟುಕೊಂಡು ಬಂದವಳು ನಾನು. ಆನಂದಪುರದ ತನಕ ಅದರ ಮೇಲೆ ತಲೆಯಿಟ್ಟು ನಿದ್ದೆ ಬೇರೆ ಮಾಡಿದ್ದೆ.

ಬಿಚ್ಚುವಾಗ ನೋಡಲು ಬಿಟ್ಟರು, ಅದಕ್ಕೆ ಒಂದು ಸ್ಟಾರ್ ಜಾಸ್ತಿ. ಸ್ಕ್ರೂ ತೆಗೆದು ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದ. ಆಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡು ತೂರಿಸಿ ನಿಧಾನಕ್ಕೆ ಎಬ್ಬಿಸಿದ. ಸ್ಕ್ರೂಡ್ರೈವರ್ ಹಾಕಿ ಮೀಟಲೇ ಇಲ್ಲ. ಒಳಗೆ ಬೆಳ್ಳಿ ಬಣ್ಣದ ಮೂರು ಚಪ್ಪಟೆ ಚೀಲ. ಚಪ್ಪಟೆ ಅನ್ನೋದು ಮಾತಿಗೆ, ನಡುವಿನದು ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳದ ಹಾಗೆ ಉಬ್ಬಿತ್ತು. ಸದಾ ಫುಲ್ ಚಾರ್ಜಿನಲ್ಲಿ, ಬಿಸಿಯಲ್ಲಿ ಇದ್ದೂ ಇದ್ದೂ ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗುತ್ತಂತೆ. ಚೀಲ ಸೀಲ್ ಆಗಿರೋದರಿಂದ ಗ್ಯಾಸಿಗೆ ಹೋಗೋಕೆ ದಾರಿ ಇಲ್ಲ, ಅದಕ್ಕೇ ಊದೋದು. ಒಳಗಿನ ಎರಡು ಪದರಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಇದೆ. ಒತ್ತಿದರೆ, ಚುಚ್ಚಿದರೆ, ಬಗ್ಗಿಸಿದರೆ ಅದು ಹರಿದು ಒಳಗೇ ಶಾರ್ಟ್ ಆಗಬಹುದು. ಒಂದು ಚೀಲಕ್ಕೆ ಹತ್ತಿದ್ದು ಪಕ್ಕದ್ದಕ್ಕೂ ಹಬ್ಬುತ್ತೆ, ಬರುವ ಹೊಗೆಯೂ ವಿಷ. ನನ್ನ ಮೊದಲ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಹಿಂದೆ ಇತ್ತು, ಕ್ಲಿಪ್ ಎಳೆದರೆ ಕೈಗೆ ಬರ್ತಿತ್ತು, ಎಷ್ಟು ವರ್ಷ ಆದರೂ ಊದಿದ್ದು ಕಾಣಲಿಲ್ಲ. ಅದರೊಳಗೆ ಟಾರ್ಚ್ ಸೆಲ್ಲಿನ ಥರದ ಉಕ್ಕಿನ ಡಬ್ಬಿಗಳು, ಅವು ಹೀಗೆ ಉಬ್ಬಲ್ಲ ಅಂದ. ತೆಳ್ಳಗಿನ ಲ್ಯಾಪ್‌ಟಾಪ್ ಬೇಕು ಅಂತ ಹಟ ಹಿಡಿದವಳು ನಾನೇ.

2016ರಲ್ಲಿ ಸ್ಯಾಮ್‌ಸಂಗ್ ನೋಟ್ 7 ಹೊತ್ತಿಕೊಳ್ಳುತ್ತೆ ಅಂತ ವಾಪಸ್ ತರಿಸಿಕೊಂಡಿದ್ದು, ವಿಮಾನದಲ್ಲಿ ಆ ಫೋನ್ ಆನ್ ಮಾಡಬೇಡಿ ಅಂದಿದ್ದು ಪೇಪರಿನಲ್ಲಿ ಓದಿದ್ದೆ. ಅದು ವಿಮಾನದಲ್ಲಿ ಹೋಗೋರ ತಾಪತ್ರಯ ಅಂದುಕೊಂಡು ಪುಟ ತಿರುಗಿಸಿದ್ದೆ.

ತೆಗೆದ ಬ್ಯಾಟರಿಯ ಕನೆಕ್ಟರಿಗೆ ಟೇಪ್ ಸುತ್ತಿ, ಬಾಲ್ಕನಿಯಲ್ಲಿದ್ದ ಮರಳು ತುಂಬಿದ ಕಬ್ಬಿಣದ ಬಕೆಟಿನಲ್ಲಿ ಇಟ್ಟ. ಅದರಲ್ಲಿ ಆಗಲೇ ಮೊಬೈಲಿನ ನಾಲ್ಕೈದು ಬ್ಯಾಟರಿ ಇದ್ದವು. ನನಗೆ ಈ ಅಂಗಡಿ ಹಿಡಿಸಿದ್ದು ಹೊಸ ಬ್ಯಾಟರಿಗಲ್ಲ, ಆ ಬಕೆಟಿಗೆ. ಹಳೇದನ್ನು ಕವರಿಗೆ ಹಾಕಿ ಕೈಗೆ ಕೊಟ್ಟಿದ್ದರೆ ನಾನು ಕಸದ ಗಾಡಿಗೇ ಹಾಕ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಕಸದ ಬುಟ್ಟಿಗೆ ಅಡ್ಡಗೀಟು ಹಾಕಿದ ಚಿತ್ರ ಬ್ಯಾಟರಿ ಮೇಲೇ ಇತ್ತು, ನೋಡಿದ್ದು ಅವತ್ತೇ. 2022ರ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ತಗೊಂಡು ಸಂಸ್ಕರಿಸುವ ಜವಾಬ್ದಾರಿ ತಯಾರಕರದ್ದು. ಇವರು ಒಟ್ಟು ಮಾಡಿಟ್ಟು ಬೆಂಗಳೂರಿಗೆ ಕಳಿಸ್ತಾರಂತೆ.

ಇನ್ನು ದುಡ್ಡಿನ ವಿಷಯ. ಮೊದಲು 1,900 ರೂಪಾಯಿಯದು ತೋರಿಸಿದರು. ಲೇಬಲ್ಲಿನಲ್ಲಿ ವೋಲ್ಟು ಬಿಟ್ಟರೆ ಏನೂ ಇಲ್ಲ. ಅಷ್ಟು ಹೊತ್ತು ಬೆಂಕಿಯ ಪಾಠ ಹೇಳಿದ ಬಾಯಲ್ಲೇ "ಇದೂ ನಡೆಯುತ್ತೆ ಅಕ್ಕ" ಅಂದಿದ್ದು ನನಗೆ ಸರಿ ಕಾಣಲಿಲ್ಲ. ಕೇಳಿದ ಮೇಲೆ ಕಂಪನಿಯದು 4,600, ತರಿಸೋಕೆ ಎಂಟು ದಿನ ಅಂದರು. ಅದರ ಮೇಲೆ ಬಿಐಎಸ್ ಗುರುತು (ಸರ್ಕಾರದ ಗುಣಮಟ್ಟದ ಮುದ್ರೆ), ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇತ್ತು. ಅದನ್ನೇ ಹಾಕಿಸಿದೆ. ಎಂಟು ದಿನ ಅಂದಿದ್ದು ಹನ್ನೊಂದಾಯ್ತು. ಅಷ್ಟು ದಿನ ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನಲ್ಲಿ ಓಡಿಸಿದೆ. ಕರೆಂಟ್ ಹೋದಾಗೆಲ್ಲ ಅರ್ಜಿ ಮೊದಲಿಂದ ತುಂಬಬೇಕು, ಎದುರಿಗೆ ಕೂತ ಗಿರಾಕಿಯ ಮುಖ ನೋಡೋಕಾಗ್ತಿರಲಿಲ್ಲ. ಬಿಲ್ಲನ್ನೂ ಎರಡು ಸಲ ಕೇಳಿ ಈಸಿಕೊಳ್ಳಬೇಕಾಯ್ತು. ಬಿಲ್ ಇಲ್ಲದಿದ್ದರೆ ಆರು ತಿಂಗಳ ವಾರಂಟಿ ಬಾಯಿಮಾತಷ್ಟೇ.

ಹೊರಡುವ ಮೊದಲು ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಚಾರ್ಜ್ 80ಕ್ಕೆ ನಿಲ್ಲೋ ಹಾಗೆ ಮಾಡಿಕೊಟ್ಟ, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಇಷ್ಟು ವರ್ಷ ಆ ಸೆಟ್ಟಿಂಗ್ ಅಲ್ಲೇ ಇತ್ತು. ಈಗ ಪಿನ್ ಚುಚ್ಚೇ ಇದ್ದರೂ ಅಡಿಭಾಗ ಮುಂಚಿನಷ್ಟು ಬಿಸಿ ಆಗ್ತಿಲ್ಲ, ಕರೆಂಟ್ ಹೋದರೆ ಎರಡು ಗಂಟೆ ಬರುತ್ತೆ. ನನ್ನ ಕೆಲಸಕ್ಕೆ ಅಷ್ಟು ಸಾಕು.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು 1,900ರ ಬ್ಯಾಟರಿಗೆ. ಮೌಸ್‌ಪ್ಯಾಡ್ ಎದ್ದಿದೆ, ಅಡಿ ಸಮನಾಗಿ ಕೂರ್ತಿಲ್ಲ ಅಂತಾದರೆ ಆಫ್ ಮಾಡಿ, ಚಾರ್ಜರ್ ತೆಗೆದು, ಮೊದಲು ಇವರಿಗೆ ಫೋನ್ ಮಾಡಿ ಕೇಳಿ. ನನ್ನ ಹಾಗೆ ಬಸ್ ಹತ್ತಬೇಡಿ. ಭಾನುವಾರ ರಜೆ, ಮಧ್ಯಾಹ್ನ ಎರಡರಿಂದ ಮೂರೂವರೆ ಬಾಗಿಲು ಹಾಕಿರುತ್ತೆ. ಮುಂದಿನ ವಾರ ಮತ್ತೆ ಹೋಗೋದಿದೆ. ಮಗಳ ಹಳೇ ಪವರ್‌ಬ್ಯಾಂಕ್ ಮೇಜಿನ ಮೇಲಿಟ್ಟರೆ ಬುಗುರಿಯ ಹಾಗೆ ತಿರುಗ್ತಿದೆ. ಸದ್ಯಕ್ಕೆ ಹಿತ್ತಲಲ್ಲಿ, ಮರಳು ತುಂಬಿದ ಬಾಣಲೆಯಲ್ಲಿದೆ. ಆ ಬಾಣಲೆ ನಮ್ಮತ್ತೆಯದು, ಇನ್ನೂ ಅವರ ಗಮನಕ್ಕೆ ಬಂದಿಲ್ಲ.